ಲೋಹಿಯಾ, ಕುವೆಂಪು, ಕಾರಂತ: ತೇಜಸ್ವಿ ಯಾರಿಂದ ಏನು ತಗೊಂಡರು?

ಕಾಫಿ ಚರಟ

ಹೋದ ವಾರ ಹಬ್ಬಕ್ಕೆ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮನೆ ಅಟ್ಟದಲ್ಲಿ ಒಂದು ಪುಸ್ತಕದ ಪೆಟ್ಟಿಗೆ ಇತ್ತು. ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದ ಅರ್ಧದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಿಕ್ಕಿತು. ಕಥೆಗಳನ್ನು ಕಾಲೇಜಿನಲ್ಲೇ ಓದಿದ್ದೆ. ಮುನ್ನುಡಿ ಮಾತ್ರ ಓದಿರಲಿಲ್ಲ. ಮುನ್ನುಡಿ ಯಾರು ಓದುತ್ತಾರೆ, ಅಲ್ವಾ?

ಈ ಸಲ ಮಳೆ, ಕರೆಂಟ್ ಇಲ್ಲ, ಫೋನಿನಲ್ಲಿ ಚಾರ್ಜೂ ಇಲ್ಲ. ಹಾಗಾಗಿ ಓದಿದೆ. 1973ರ ಬರಹ. ಆಗ ಜೋರಾಗಿದ್ದ ನವ್ಯ ಸಾಹಿತ್ಯದ ದಾರಿ ಇನ್ನು ತನಗೆ ಸಾಕು ಅಂತ ಮುಲಾಜಿಲ್ಲದೆ ಹೇಳುತ್ತಾರೆ. ಆಮೇಲೆ ತನ್ನ ಮೇಲೆ ಪ್ರಭಾವ ಬೀರಿದ ಮೂವರನ್ನು ಹೆಸರಿಸುತ್ತಾರೆ. ರಾಮಮನೋಹರ ಲೋಹಿಯಾ ಅವರಿಂದ ಚಿಂತನೆ, ಕುವೆಂಪು ಅವರಿಂದ ಕಲೆ, ಶಿವರಾಮ ಕಾರಂತರಿಂದ ಬದುಕನ್ನು ನೋಡುವ ರೀತಿ ಮತ್ತು ಪ್ರಯೋಗ ಮಾಡುವ ಧೈರ್ಯ. ಸಾರ ಇಷ್ಟು.

ಕುವೆಂಪು ಗೊತ್ತು, ಕಾರಂತರು ಗೊತ್ತು. ಆದರೆ ಲೋಹಿಯಾ? ನನಗೆ ಅವರು ಉತ್ತರ ಪ್ರದೇಶದ ಒಬ್ಬ ರಾಜಕಾರಣಿ ಅಷ್ಟೇ. ಮೂಡಿಗೆರೆಯ ಕಾಫಿ ತೋಟದಲ್ಲಿ ಗಾಳ ಹಾಕಿ ಮೀನು ಹಿಡಿಯುತ್ತಾ ಕೂತ ತೇಜಸ್ವಿಗೆ ಅವರು ಎಲ್ಲಿ ಸಿಕ್ಕರು? ಮತ್ತೆ ಹೀಗೆ ಪಾಲು ಮಾಡಿ, ನಿನ್ನಿಂದ ಇದು, ನಿನ್ನಿಂದ ಅದು ಅಂತ ತಗೊಳ್ಳೋಕೆ ಆಗುತ್ತಾ? ತಿಳಿದವರು ಹೇಳಿ.

ಹಳೇ ಮೇಷ್ಟ್ರು

ಒಳ್ಳೆ ಪ್ರಶ್ನೆ ಎತ್ತಿದ್ದೀರಿ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಆ ಮುನ್ನುಡಿಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಮೊದಲು ಕಾಲ ನೋಡಿ. 1950 ಮತ್ತು 60ರ ದಶಕದಲ್ಲಿ ಕನ್ನಡದಲ್ಲಿ ನವ್ಯದ ಗಾಳಿ ಜೋರಾಗಿತ್ತು. ಅಡಿಗರ ಕಾವ್ಯ, ಅನಂತಮೂರ್ತಿಯವರ ಕಥೆ, ಒಬ್ಬನೇ ಮನುಷ್ಯ, ಅವನ ಒಳಗಿನ ತಳಮಳ. ತೇಜಸ್ವಿ ಕೂಡ ಆ ಗಾಳಿಯಲ್ಲೇ ಶುರು ಮಾಡಿದವರು. 1966ರ ‘ಸ್ವರೂಪ’ ಓದಿದರೆ ಗೊತ್ತಾಗುತ್ತದೆ, ಅದು ಪೂರಾ ಒಳಮುಖದ ಬರಹ. ಆಮೇಲೆ ತೋಟಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು ಕೂಲಿಯವರು, ಪೋಸ್ಟ್ ಹಂಚುವವರು, ಟೈಲರುಗಳು, ಕಳ್ಳಭಟ್ಟಿಯವರು, ತಾಲ್ಲೂಕು ಕಚೇರಿ. ಇವರನ್ನೆಲ್ಲ ಒಬ್ಬನ ತಲೆಯೊಳಗೆ ಕೂಡಿಹಾಕಿ ಬರೆಯೋಕೆ ಆಗಲಿಲ್ಲ. ಬಾಗಿಲು ತೆರೆಯಲೇಬೇಕಾಯಿತು.

ಆ ಮೂರು ಹೆಸರಿನಲ್ಲಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುವುದು ನಡುವಿನ ಹೆಸರು. ಕುವೆಂಪು ತೇಜಸ್ವಿಯವರ ಸ್ವಂತ ತಂದೆ. ಕುವೆಂಪು ಬರೀ ಕವಿಯಲ್ಲ, ದರ್ಶನ ಇದ್ದವರು. ರಾಮಕೃಷ್ಣ ಪರಮಹಂಸ, ವಿವೇಕಾನಂದ, ಅರವಿಂದ, ಪೂರ್ಣದೃಷ್ಟಿ, ವಿಶ್ವಮಾನವ. ಮನೆಯಲ್ಲೇ ಅಷ್ಟು ದೊಡ್ಡ ತತ್ವದ ಕಣಜ ಇದೆ. ಮಗ ಏನು ಹೇಳುತ್ತಾರೆ? ನಿಮ್ಮ ಕಲೆ ಕೊಡಿ, ತತ್ವವನ್ನು ನಾನು ಬೇರೆ ಕಡೆಯಿಂದ ತಗೊಳ್ಳುತ್ತೇನೆ ಅಂತ! ಅಪ್ಪನಿಂದ ಇಷ್ಟು ಮೆಲ್ಲಗೆ, ಇಷ್ಟು ಗಟ್ಟಿಯಾಗಿ ಯಾರೂ ಬೇರೆ ಮನೆ ಮಾಡಿದ್ದನ್ನು ನಾನು ಕಂಡಿಲ್ಲ.

ಸಾಗರದ ಕಡೆಯವ

ಲೋಹಿಯಾ ಎಲ್ಲಿ ಸಿಕ್ಕರು ಅಂದಿರಲ್ಲ, ನಮ್ಮೂರ ಹತ್ತಿರ ಸಿಕ್ಕರು. ಸಾಗರದ ಪಕ್ಕ ಕಾಗೋಡು ಅಂತ ಊರು.

ಅಲ್ಲಿ ಗೇಣಿದಾರರು ಹೆಚ್ಚಾಗಿ ದೀವರು ಅನ್ನುವ ಸಮುದಾಯದವರು. ಭೂಮಿ ಒಡೆಯರದ್ದು, ಬೆವರು ಇವರದ್ದು. ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ತಕರಾರು ಬಂದಿದ್ದು ಆ ಕೊಳಗದಲ್ಲೇ. ಒಡೆಯರು ಗೇಣಿ ಅಳೆಸಿಕೊಳ್ಳುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಅಂದರೆ ಲೆಕ್ಕದಲ್ಲಿ ಕೊಟ್ಟಿದ್ದು ಒಂದು, ಕಣದಿಂದ ಹೋಗಿದ್ದು ಇನ್ನೊಂದು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. 1951ರಲ್ಲಿ ಸತ್ಯಾಗ್ರಹ ಶುರುವಾಯಿತು. ಗೇಣಿದಾರರು ಸಾಲು ಹಿಡಿದು ಹೋಗಿ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದು ಒಯ್ಯುವುದು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಲೋಹಿಯಾ ಆ ವರ್ಷ ಖುದ್ದಾಗಿ ಕಾಗೋಡಿಗೆ ಬಂದರು, ಬಂಧನವೂ ಆಯಿತು. ಮಾರನೇ ವರ್ಷ ಗೋಪಾಲಗೌಡರು ಇದೇ ಸೀಮೆಯಿಂದ ಗೆದ್ದು ವಿಧಾನಸಭೆಗೆ ಹೋದರು.

ತೇಜಸ್ವಿ ಆಗ ಹದಿಮೂರರ ಹುಡುಗ. ಅವರ ಕುಪ್ಪಳಿ ಇರುವುದು ಇದೇ ಜಿಲ್ಲೆಯಲ್ಲಿ. ಆಮೇಲಿನ ವರ್ಷಗಳಲ್ಲಿ ಅವರ ಗೆಳೆಯರು ಯಾರು ನೋಡಿ: ಕಡಿದಾಳು ಶಾಮಣ್ಣ, ಕೆ. ರಾಮದಾಸ್, ಎಂ.ಡಿ. ನಂಜುಂಡಸ್ವಾಮಿ. ಎಲ್ಲ ಸಮಾಜವಾದದ ಗರಡಿಯವರು. ಹಾಗಾಗಿ ತೇಜಸ್ವಿಯವರಿಗೆ ಲೋಹಿಯಾ ದಿಲ್ಲಿಯಿಂದ ಬರಲಿಲ್ಲ, ಗದ್ದೆ ಬದುವಿನ ಮೇಲಿಂದಲೇ ಬಂದರು.

ನಮ್ಮ ಮನೆ ಜಗಲಿಯಲ್ಲಿ ಈಗಲೂ ಒಂದು ಕೊಳಗ ಇದೆ. ಅಮ್ಮ ಅದರಲ್ಲಿ ಛತ್ರಿ ಇಡುತ್ತಾರೆ.

ಸುಮ್ನೆ ಓದುಗ

ಎಲ್ಲ ಸರಿ ಸ್ವಾಮಿ. ಆದರೆ ಲೋಹಿಯಾ ಹೇಳಿದ್ದೇನು ಅಂತ ಇಲ್ಲಿ ಇನ್ನೂ ಒಬ್ಬರೂ ಹೇಳಿಲ್ಲ. ಬಂದರು, ಬಂಧನವಾಯಿತು, ಹೋದರು. ಕನ್ನಡದ ಲೇಖಕರು ಲೋಹಿಯಾ ಹೆಸರು ಹೇಳುವುದು ಒಂಥರಾ ಮನೆದೇವರ ಹೆಸರು ಹೇಳಿದ ಹಾಗೆ. ಕೈ ಮುಗಿಯುತ್ತಾರೆ, ಗರ್ಭಗುಡಿಯೊಳಗೆ ಏನಿದೆ ಅಂತ ಕೇಳಿದರೆ ಗೊತ್ತಿರಲ್ಲ.

ಹಳೇ ಮೇಷ್ಟ್ರು

ಏಟು ಸರಿಯಾಗೇ ಬಿತ್ತು. ಸರಿ, ನನಗೆ ತಿಳಿದಷ್ಟು ಹೇಳುತ್ತೇನೆ.

ಲೋಹಿಯಾ (1910–1967) ಮಾರ್ಕ್ಸ್‌ನನ್ನೂ ಗಾಂಧಿಯನ್ನೂ ಓದಿ, ಇಬ್ಬರ ಹತ್ತಿರವೂ ಜಗಳ ಮಾಡಿದವರು. ಮಾರ್ಕ್ಸ್ ವಾದಿಗಳು ವರ್ಗ ಅಂದರು. ಲೋಹಿಯಾ, ಇಲ್ಲಿ ಜಾತಿಯನ್ನು ಬಿಟ್ಟು ವರ್ಗದ ಮಾತಾಡಿದರೆ ಗಾಳಿಯಲ್ಲಿ ಗುದ್ದಿದ ಹಾಗೆ ಅಂದರು. ಅವರ ಪ್ರಕಾರ ಎರಡೂ ಬೇರೆ ಬೇರೆ ಅಲ್ಲ. ವರ್ಗ ಅಲುಗಾಡದೆ ಗಟ್ಟಿಯಾಗಿ ಕೂತರೆ ಜಾತಿ. ಜಾತಿ ಸಡಿಲವಾಗಿ ಕದಲತೊಡಗಿದರೆ ವರ್ಗ. ಚರಿತ್ರೆಯಲ್ಲಿ ಸಮಾಜಗಳು ಈ ಎರಡರ ನಡುವೆ ಉಯ್ಯಾಲೆಯಾಡುತ್ತವೆ.

ಎರಡನೆಯದು ಯಂತ್ರ. ಗಾಂಧಿಯ ಹಾಗೆ ರಾಟೆ ಸಾಕು ಅನ್ನಲಿಲ್ಲ. ನೆಹರೂ ಹಾಗೆ ದೊಡ್ಡ ಕಾರ್ಖಾನೆಯೇ ಬೇಕು ಅಂತಲೂ ಅನ್ನಲಿಲ್ಲ. ಹಳ್ಳಿಯಲ್ಲಿ ಕರೆಂಟಿನಿಂದ ಓಡುವ, ಕಡಿಮೆ ದುಡ್ಡಿನ ಸಣ್ಣ ಯಂತ್ರ ಬೇಕು ಅಂದರು. ಮೂರನೆಯದು ಅಧಿಕಾರ. ಹಳ್ಳಿ, ಜಿಲ್ಲೆ, ರಾಜ್ಯ, ಕೇಂದ್ರ ಅಂತ ನಾಲ್ಕು ಕಂಬ, ಒಂದೊಂದಕ್ಕೂ ಅದರದೇ ಶಕ್ತಿ. ನಾಲ್ಕನೆಯದು ಭಾಷೆ. ಜನರಿಗೆ ಅರ್ಥವಾಗದ ಭಾಷೆಯಲ್ಲಿ ಆಡಳಿತ ನಡೆದರೆ ಅದು ಜನರ ಆಡಳಿತವೇ ಅಲ್ಲ.

ಇನ್ನೊಂದು ನನಗೆ ಬಹಳ ಇಷ್ಟ. ಭಾರತದ ಹೆಣ್ಣಿಗೆ ಸಾವಿತ್ರಿಗಿಂತ ದ್ರೌಪದಿ ಒಳ್ಳೆ ಮಾದರಿ ಅಂದವರು ಅವರು. ಗಂಡನ ಹಿಂದೆ ಹೋದವಳಲ್ಲ, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದವಳು. ಈಗ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಇನ್ನೊಮ್ಮೆ ಓದಿ. ಗಂಡಸರು ಕಟ್ಟೆ ಮೇಲೆ ಕೂತು ಜಾತಿ ರಾಜಕೀಯ ಮಾಡುತ್ತಿದ್ದರೆ, ಹೆಂಗಸರು ಸೌದೆ ಹಿಡಿದು ಬರುತ್ತಾರೆ. ಲೋಹಿಯಾ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಬೇಕಾಗಿಯೂ ಇಲ್ಲ.

ಸುಮ್ನೆ ಓದುಗ

ಇದು ಪಾಠ. ಥ್ಯಾಂಕ್ಸ್ ಮೇಷ್ಟ್ರೇ. ಈಗ ಇನ್ನೊಂದು ಕಡೆಯನ್ನೂ ಹೇಳಿ. ಕಾಂಗ್ರೆಸ್ಸನ್ನು ಕೆಳಗಿಳಿಸಲೇಬೇಕು ಅಂತ ಯಾರ ಜೊತೆ ಬೇಕಾದರೂ ಕೈ ಜೋಡಿಸಬಹುದು ಅಂದವರು ಇವರೇ. 1967ರಲ್ಲಿ ಉತ್ತರದಲ್ಲಿ ಆದ ಖಿಚಡಿ ಸರ್ಕಾರಗಳಲ್ಲಿ ಸಮಾಜವಾದಿಗಳೂ ಜನಸಂಘದವರೂ ಒಟ್ಟಿಗೆ ಕೂತಿದ್ದರು. ಇಂಗ್ಲಿಷ್ ತೆಗೆಯಿರಿ ಅಂದ ಮಾತು ದಕ್ಷಿಣದವರ ಕಿವಿಗೆ ಹಿಂದಿ ತನ್ನಿ ಅಂತ ಕೇಳಿಸಿತು. 1965ರಲ್ಲಿ ಮದ್ರಾಸ್ ಕಡೆ ಹಿಂದಿ ಬೇಡ ಅಂತ ಎಂಥ ಗಲಭೆ ಆಯಿತು ಎಲ್ಲರಿಗೂ ಗೊತ್ತು. ನಮ್ಮ ಸಾಹಿತಿಗಳು ಇದನ್ನೆಲ್ಲ ಸುಮ್ನೆ ನುಂಗಿಕೊಂಡರು.

ಸಾಗರದ ಕಡೆಯವ

ನುಂಗಿಕೊಳ್ಳಲಿಲ್ಲ, ಅನುವಾದ ಮಾಡಿಕೊಂಡರು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನದಿಂದ ಲೋಹಿಯಾ ಬರಹಗಳನ್ನು ಕನ್ನಡಕ್ಕೆ ತಂದರು. ಕನ್ನಡದಲ್ಲಿ ಓದಿದಾಗ ‘ಇಂಗ್ಲಿಷ್ ಬೇಡ’ ಅನ್ನುವುದು ‘ಕನ್ನಡ ಬೇಕು’ ಅಂತಾಯಿತು. ಹಿಂದಿ ಕಣ್ಣಿಗೇ ಬೀಳಲಿಲ್ಲ. ಇದು ತಪ್ಪು ಓದೋ ಒಳ್ಳೆ ಓದೋ ನೀವೇ ಹೇಳಿ.

ಸುಮ್ನೆ ಓದುಗ

ಅನುಕೂಲದ ಓದು. 😀

ಪುತ್ತೂರಿನ ಸೊಸೆ

ಕಾರಂತರನ್ನು ಎಲ್ಲರೂ ಮರೆತೇಬಿಟ್ಟಿರಾ? ನಾನು ಮದುವೆಯಾಗಿ ಪುತ್ತೂರಿಗೆ ಬಂದವಳು. ಕಾರಂತರು ಇದ್ದ ಬಾಲವನ ನಮ್ಮ ಮನೆಗೆ ಹತ್ತಿರ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ.

ತೇಜಸ್ವಿ ಕಾರಂತರಿಂದ ಕಾದಂಬರಿ ತಗೊಂಡೆ ಅನ್ನಲಿಲ್ಲ ಗಮನಿಸಿದಿರಾ? ಪ್ರಯೋಗ ತಗೊಂಡೆ ಅಂದರು. ಕಾರಂತರ ಬದುಕು ಹೇಗಿತ್ತು ನೋಡಿ. 1902ರಲ್ಲಿ ಕೋಟದಲ್ಲಿ ಹುಟ್ಟಿದರು. ಗಾಂಧಿ ಕರೆ ಕೇಳಿ ಕಾಲೇಜು ಬಿಟ್ಟರು. ಪತ್ರಿಕೆ ಮಾಡಿದರು, ನಾಟಕ ಮಾಡಿದರು, ಮೂಕಿ ಸಿನಿಮಾ ತೆಗೆದರು, ಮಕ್ಕಳಿಗೆ ಬೇರೆ ಥರದ ಶಾಲೆ ನಡೆಸಿದರು. ಯಕ್ಷಗಾನವನ್ನು ಹಳ್ಳಿ ಹಳ್ಳಿ ಸುತ್ತಿ ಅಧ್ಯಯನ ಮಾಡಿದರು, ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಕ್ಕಳಿಗೆ ಮೂರು ಸಂಪುಟದ ‘ಬಾಲಪ್ರಪಂಚ’, ದೊಡ್ಡವರಿಗೆ ನಾಲ್ಕು ಸಂಪುಟದ ವಿಜ್ಞಾನ ಪ್ರಪಂಚ, ಎಲ್ಲ ಒಬ್ಬರೇ ಕೂತು ಬರೆದರು. ಈಗ ಒಂದು ಸಮಿತಿ, ಹತ್ತು ಉಪಸಮಿತಿ, ಐದು ವರ್ಷ ಬೇಕಾಗುತ್ತಿತ್ತು. ತುರ್ತು ಪರಿಸ್ಥಿತಿ ಬಂದಾಗ ಪದ್ಮಭೂಷಣ ವಾಪಸ್ ಕೊಟ್ಟರು. ಕೈಗಾ ಅಣುಸ್ಥಾವರ ಬೇಡ ಅಂತ ಹೋರಾಡಿದರು. 1989ರಲ್ಲಿ, 87ನೇ ವಯಸ್ಸಿನಲ್ಲಿ, ಪರಿಸರಕ್ಕಾಗಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು.

ಎಷ್ಟೋ ಪ್ರಯೋಗಗಳು ಕೈ ಕೊಟ್ಟವು. ಸಿನಿಮಾದಲ್ಲಿ ಕಾಸು ಹೋಯಿತು. ಆದರೂ ಮುಂದಿನದಕ್ಕೆ ಕೈ ಹಾಕಿದರು. ತೇಜಸ್ವಿಯವರಲ್ಲೂ ಇದೇ ಚಟ ಅಲ್ವಾ? ಸಿತಾರ್, ಚಿತ್ರಕಲೆ, ಹಕ್ಕಿ ಫೋಟೋ, ಮೀನು, ಸ್ಕೂಟರ್ ರಿಪೇರಿ, ಸ್ವಂತ ಪ್ರಕಾಶನ, ಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡ. ವಿಜ್ಞಾನವನ್ನು ಮನೆಮಾತಿನಲ್ಲಿ ಹೇಳುವ ಚಟ ಕೂಡ ಅಲ್ಲಿಂದಲೇ. ಕಾರಂತರು ರೇಚಲ್ ಕಾರ್ಸನ್ ಅವರ ಕಡಲಿನ ಪುಸ್ತಕವನ್ನು ಕನ್ನಡಕ್ಕೆ ತಂದರು. ತೇಜಸ್ವಿ ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನು ತಂದರು.

ನನ್ನ ಮಗನಿಗೆ ಈ ಪಟ್ಟಿ ಹೇಳಿದೆ. "ಇವರಿಗೆ ಹೋಮ್‌ವರ್ಕ್ ಇರಲಿಲ್ವಾ" ಅಂದ.

ಮೂಡಿಗೆರೆ ಮಳೆ

ಸ್ಕೂಟರ್ ರಿಪೇರಿ ಅಂದಿದ್ದಕ್ಕೆ ಬಂದೆ. ನಮ್ಮದೂ ಆ ಕಡೆ ಸಣ್ಣ ತೋಟ. ಚಿಕ್ಕವನಿದ್ದಾಗ ಅವರನ್ನು ಪೇಟೆಯಲ್ಲಿ ನೋಡಿದ್ದೇನೆ. ಮಾತಾಡಿಸುವ ಧೈರ್ಯ ಆಗಿರಲಿಲ್ಲ.

ನೀವೆಲ್ಲ ಮೂವರನ್ನು ಬಿಡಿಬಿಡಿಯಾಗಿ ನೋಡುತ್ತಿದ್ದೀರಿ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ತಗೊಳ್ಳಿ. 1980ರದ್ದು. ಒಬ್ಬ ದೊಡ್ಡ ವಿಜ್ಞಾನಿ. ಅವರು ಗೌರವ ಕೊಡುವುದು ಯಾರಿಗೆ? ಜೇನು ಹಿಡಿಯುವ ಮಂದಣ್ಣನಿಗೆ. ಊರವರ ಕಣ್ಣಿಗೆ ಅವನು ಉಂಡಾಡಿ. ಮದುವೆ ಆಗಬೇಕು, ಸರ್ಕಾರಿ ಕೆಲಸ ಬೇಕು ಅಂತ ಒದ್ದಾಡುವವನು. ಮೇಲಿಂದ ಕಳ್ಳಭಟ್ಟಿ ಕೇಸು ಬೇರೆ. ಆದರೆ ಹಾರುವ ಓತಿಯನ್ನು ಕಂಡವನು ಅವನೇ. ಕಾಡನ್ನು ನೋಡುವ ಕಣ್ಣು ಅವನಿಗಿದೆ, ಅದು ಡಿಗ್ರಿಯಿಂದ ಬಂದದ್ದಲ್ಲ ಅಂತ ಕರ್ವಾಲೊಗೆ ಗೊತ್ತು.

ಇದರಲ್ಲಿ ಲೋಹಿಯಾ ಇಲ್ಲವಾ? ಮೇಲು ಕೀಳಿನ ಏಣಿಯನ್ನು ಸದ್ದಿಲ್ಲದೆ ಮಗುಚಿ ಹಾಕಿದ್ದಾರೆ. ಕಾರಂತರು ಇಲ್ಲವಾ? ಪ್ರಶ್ನೆಯ ಹಿಂದೆ ಬಿದ್ದು ಕಾಡಿಗೆ ನಡೆಯುವುದು ಪೂರಾ ಕಾರಂತರ ಕಸುಬು. ಕುವೆಂಪು? ನಾಯಿ ಕಿವಿಯಿಂದ ಹಿಡಿದು ಬಿರಿಯಾನಿ ಕರಿಯಪ್ಪನವರೆಗೆ ಒಂದು ಜೀವವೂ ಆ ಕಥೆಯಲ್ಲಿ ಸುಮ್ನೆ ಬಂದು ಹೋಗುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ಶುರುವಿನಲ್ಲೇ ಕುವೆಂಪು ಹೇಳಿದ್ದಾರಲ್ಲ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಅದರಲ್ಲಿ ಬರುವ ಗುತ್ತಿಯ ನಾಯಿ ಹುಲಿಯನ ಮೊಮ್ಮಗ ಈ ಕಿವಿ ಅಂತ ನಾನು ತಮಾಷೆಗೆ ಹೇಳುತ್ತಿರುತ್ತೇನೆ.

ಕೊನೆಗೆ ಓತಿ ಸಿಕ್ಕಿಯೂ ಕೈಗೆ ಸಿಗಲ್ಲ. ಕಣಿವೆಗೆ ತೇಲಿ ಹೋಗುತ್ತದೆ. ಆ ಜಾಗ ಬಂದಾಗ ಮೂವರೂ ಇಲ್ಲ, ತೇಜಸ್ವಿ ಒಬ್ಬರೇ.

ಕಾಫಿ ಚರಟ

ಹುಲಿಯನ ಮೊಮ್ಮಗ! ಇದನ್ನು ಕದಿಯುತ್ತೇನೆ.

ಬಿಸಿಲೂರು

ಕಲಬುರಗಿಯಿಂದ ಬರೀತಿದ್ದೀನಿ. ನಿಮ್ಮ ಮಲೆನಾಡಿನ ಮಳೆ, ಕಾಫಿ, ಓತಿ ಎಲ್ಲ ಚಂದ ಅದ. ನನ್ನದೊಂದು ಕಹಿ ಪ್ರಶ್ನೆ.

ಆ ಪಟ್ಟಿಯಲ್ಲಿ ಅಂಬೇಡ್ಕರ್ ಯಾಕಿಲ್ಲ? ಜಾತಿ ಬಗ್ಗೆ ಯೋಚನೆ ಬೇಕು ಅಂದರೆ ಈ ದೇಶದಲ್ಲಿ ಮೊದಲು ಹೋಗಬೇಕಾದದ್ದು ಅವರ ಹತ್ತಿರ. 1973ರ ಕನ್ನಡ ಲೇಖಕನಿಗೆ ಲೋಹಿಯಾ ಸಿಕ್ಕರು, ಅಂಬೇಡ್ಕರ್ ಸಿಗಲಿಲ್ಲ. ಇದು ತೇಜಸ್ವಿಯವರನ್ನು ಬೈಯಲು ಹೇಳಿದ್ದಲ್ಲ. ಅವರ ಬರಹ ಓದಿ ಬೆಳೆದವನೇ ನಾನು. ಆದರೆ ಪ್ರಭಾವದ ಪಟ್ಟಿ ಅಂದರೆ ಯಾವ ಪುಸ್ತಕ ಯಾರ ಮನೆ ಬಾಗಿಲಿಗೆ ಬಂತು ಅನ್ನುವುದರ ಪಟ್ಟಿಯೂ ಹೌದು.

ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನಿಗೆ ಎತ್ತು ಇವೆ, ತೋಳಿನಲ್ಲಿ ಬಲ ಇದೆ. ಉಳುವ ಹಕ್ಕು ಮಾತ್ರ ಇಲ್ಲ, ಯಾಕಂದರೆ ಹುಟ್ಟಿದ ಜಾತಿ ಅಂಥದ್ದು. ಒಡೆಯ ಸಂಕಪ್ಪಯ್ಯನಿಗೆ ಮನಸ್ಸು ಕರಗಿದರೂ ಅವನ ತಾಯಿ ಬಿಡಲ್ಲ. ಕಾಗೋಡಿನ ಗೇಣಿದಾರನ ಜಗಳ ಅಳತೆಯದ್ದು. ಚೋಮನಿಗೆ ಅಳೆಯಲು ಭತ್ತವೇ ಇಲ್ಲ. ಈ ಎರಡು ಜಗಳದ ನಡುವಿನ ಅಂತರ ಲೋಹಿಯಾ ಹಾಕಿದ ಚೌಕಟ್ಟಿನಲ್ಲಿ ಪೂರ್ತಿ ಹಿಡಿಯುತ್ತದಾ? ನನಗೆ ಅನುಮಾನ.

ಹಳೇ ಮೇಷ್ಟ್ರು

ಬಿಸಿಲೂರು ಅವರೇ, ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ.

ಒಂದು ಸಂಗತಿ ಮಾತ್ರ ಹೇಳಬಲ್ಲೆ. ಲೋಹಿಯಾ ಮತ್ತು ಅಂಬೇಡ್ಕರ್ 1956ರಲ್ಲಿ ಪತ್ರ ಬರೆದುಕೊಂಡಿದ್ದರು. ಭೇಟಿಯಾಗಬೇಕು, ಒಟ್ಟಿಗೆ ಕೆಲಸ ಮಾಡಬಹುದಾ ನೋಡಬೇಕು ಅಂತ ಮಾತು ನಡೆದಿತ್ತು. ಆ ವರ್ಷ ಡಿಸೆಂಬರ್ 6ಕ್ಕೆ ಅಂಬೇಡ್ಕರ್ ತೀರಿಕೊಂಡರು. ಭೇಟಿ ಆಗಲೇ ಇಲ್ಲ.

ಕನ್ನಡದಲ್ಲಿ ಆ ಭೇಟಿ ತಡವಾಗಿ ಆಯಿತು ಅನ್ನಬಹುದೇನೋ. ದೇವನೂರ ಮಹಾದೇವ ಸಮಾಜವಾದಿ ಯುವಜನ ಸಭಾದ ಒಡನಾಟದಿಂದ ಬಂದವರು, ದಲಿತ ಚಳವಳಿಯಲ್ಲಿ ಬೆಳೆದವರು. ‘ಒಡಲಾಳ’ದ ಸಾಕವ್ವನಲ್ಲಿ ಎರಡೂ ಬೇರು ಕಾಣುತ್ತವೆ.

ಬಿಸಿಲೂರು

ಸಾಕವ್ವನ ಹೆಸರು ತಗೊಂಡಿರಿ, ಅಲ್ಲಿಗೆ ಅರ್ಧ ಸಿಟ್ಟು ಇಳೀತು. 1973ರ ಕೊನೆಗೆ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದು, ರಾಜ್ಯವೆಲ್ಲ ಗಲಾಟೆ ಆಗಿದ್ದು, ಮಂತ್ರಿ ಸ್ಥಾನ ಹೋಗಿದ್ದು ನೆನಪಿರಲಿ. ಅದರ ಮಾರನೇ ವರ್ಷ ಮೈಸೂರಿನಲ್ಲಿ ಬರಹಗಾರರ ಮತ್ತು ಕಲಾವಿದರ ಒಕ್ಕೂಟ ಸೇರಿತು. ತೇಜಸ್ವಿ, ರಾಮದಾಸ್ ಅದರ ಮುಂದಾಳುಗಳು. ಮುನ್ನುಡಿ ಬರೆದ ಮೇಲೂ ಮನುಷ್ಯ ಓದುತ್ತಲೇ ಇರುತ್ತಾನೆ, ಬದಲಾಗುತ್ತಲೇ ಇರುತ್ತಾನೆ. ನಾವು ಮಾತ್ರ ಆ ಮೂರು ಹೆಸರಿಗೆ ಮೊಳೆ ಹೊಡೆದು ಗೋಡೆಗೆ ನೇತುಹಾಕಿದ್ದೇವೆ.

ಪುತ್ತೂರಿನ ಸೊಸೆ

ಗೋಡೆಗೆ ನೇತುಹಾಕಿದ ಮೂರೂ ಫೋಟೋ ಗಂಡಸರದ್ದೇ ಅನ್ನುವುದನ್ನೂ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ಯಾರೂ ಹೇಳಲಿಲ್ಲ. ನಾನೇ ಹೇಳಿದೆ.

ಸುಮ್ನೆ ಓದುಗ

ಮೇಷ್ಟ್ರಿಗೆ ಒಂದು ಪ್ರಶ್ನೆ ಬಾಕಿ ಇದೆ. ಅಪ್ಪನ ತತ್ವ ತಗೊಳ್ಳಲಿಲ್ಲ ಅಂದಿರಲ್ಲ. ಹಾಗಾದರೆ ಮಂತ್ರಮಾಂಗಲ್ಯ? 1966ರಲ್ಲಿ ತೇಜಸ್ವಿ–ರಾಜೇಶ್ವರಿ ಮದುವೆ ಕುಪ್ಪಳಿಯಲ್ಲಿ ಆಗಿದ್ದು ಕುವೆಂಪು ರೂಪಿಸಿದ ಆ ಸರಳ ವಿಧಾನದಲ್ಲೇ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಅದು ಕಲೆಯಾ, ತತ್ವವಾ? ‘ನಿರಂಕುಶಮತಿಗಳಾಗಿ’ ಅಂತ ಯುವಕರಿಗೆ ಹೇಳಿದ್ದು ಅಪ್ಪನೇ. ಯಾರ ಅಂಕುಶಕ್ಕೂ ತಲೆಬಾಗಬೇಡಿ ಅಂತ. ಮಗ ಆ ಮಾತನ್ನು ಎಷ್ಟು ಸೀರಿಯಸ್ಸಾಗಿ ತಗೊಂಡರು ಅಂದರೆ ಅಪ್ಪನ ಅಂಕುಶವನ್ನೂ ಒಪ್ಪಲಿಲ್ಲ. ಇದು ತತ್ವವನ್ನು ಬಿಟ್ಟಿದ್ದಲ್ಲ, ಪೂರ್ತಿ ಪಾಲಿಸಿದ್ದು.

ಹಳೇ ಮೇಷ್ಟ್ರು

ಸೋತೆ ಮಾರಾಯರೇ.

ಪೂರ್ತಿ ಅಲ್ಲ, ಮುಕ್ಕಾಲು. ಕುವೆಂಪು ಅವರಲ್ಲಿ ಎರಡು ಇವೆ. ಒಂದು ಪುರೋಹಿತಶಾಹಿಯನ್ನು ಕಿತ್ತೊಗೆಯುವ ವಿಚಾರವಾದಿ. ಇನ್ನೊಂದು ಅವರದೇ ಕಾದಂಬರಿ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯನ ಹಾಗೆ ಬೆಟ್ಟದ ತುದಿಯಲ್ಲಿ ಕಣ್ಣು ಮುಚ್ಚಿ ಕೂತು ಸೂರ್ಯೋದಯದಲ್ಲಿ ದೇವರನ್ನು ಕಾಣುವ ಅನುಭಾವಿ. ಮಗ ಮೊದಲನೆಯವರ ಜೊತೆ ನಡೆದರು. ಎರಡನೆಯವರನ್ನು ದೂರದಿಂದ, ಪ್ರೀತಿಯಿಂದ ನೋಡಿದರು. ಅಪ್ಪನ ಬಗ್ಗೆ ಮಗ ಬರೆದ ‘ಅಣ್ಣನ ನೆನಪು’ ಓದಿದವರಿಗೆ ಆ ದೂರವೂ ಗೊತ್ತಾಗುತ್ತದೆ, ಪ್ರೀತಿಯೂ ಗೊತ್ತಾಗುತ್ತದೆ. ಮಹಾಕವಿಯ ಬಗ್ಗೆ ಅಷ್ಟು ನಗಿಸುವ ಪುಸ್ತಕವನ್ನು ಮಗನಲ್ಲದೆ ಬೇರೆಯವರು ಬರೆದಿದ್ದರೆ ಮೆರವಣಿಗೆ ಹೊರಡುತ್ತಿತ್ತು.

ಅದೇ ಬೆಟ್ಟ ಮಗನ ಕಥೆಯಲ್ಲೂ ಇದೆ. ಆದರೆ ಮಗ ಅಲ್ಲಿ ಕಣ್ಣು ಮುಚ್ಚಲಿಲ್ಲ. ಬೈನಾಕ್ಯುಲರ್ ಹಿಡಿದರು.

ಮೂಡಿಗೆರೆ ಮಳೆ

ಬೈನಾಕ್ಯುಲರ್ 👌

ಒಂದು ಸೇರಿಸಲಾ? ಕಣ್ಣು ಮುಚ್ಚದೇ ಇದ್ದರೂ ಅಪ್ಪನ ಬೆರಗು ಮಗನಲ್ಲಿ ಹೋಗಿಲ್ಲ. ‘ಪರಿಸರದ ಕಥೆ’ಯಲ್ಲಿ ಒಂದು ಹಕ್ಕಿಗಾಗಿ, ಒಂದು ಮೀನಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ. ದೇವರು ಇಲ್ಲ, ಆದರೆ ಕಾಯುವುದು ಥೇಟ್ ಭಕ್ತರ ಹಾಗೆ.

ಬರ್ಲಿನ್ ಚಳಿ

ತಡವಾಗಿ ಬಂದೆ, ಕ್ಷಮಿಸಿ. ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಮಾಡಿದರು, 1933ರ ಹೊತ್ತಿಗೆ. ವಿಷಯ ಏನು ಗೊತ್ತಾ? ಉಪ್ಪಿನ ತೆರಿಗೆ. ಹಿಟ್ಲರ್ ಅಧಿಕಾರಕ್ಕೆ ಬರುತ್ತಿದ್ದ ಊರಿನಲ್ಲಿ ಕೂತು ಭಾರತದ ಉಪ್ಪಿನ ಬಗ್ಗೆ ಬರೆಯುತ್ತಿದ್ದರು.

ಈ ಚರ್ಚೆ ಓದುತ್ತಾ ಹೊಳೆದದ್ದು: ಉಪ್ಪು, ಕೊಳಗ, ಮೂರಾಣೆ. 1963ರಲ್ಲಿ ಲೋಕಸಭೆಗೆ ಹೋದ ಕೂಡಲೇ ಅವರು ಎತ್ತಿದ ಗಲಾಟೆ ನೆನಪಿಸಿಕೊಳ್ಳಿ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಅಂದರು. ಸರ್ಕಾರ ಹದಿನೈದಾಣೆ ಅಂತ ವಾದ ಮಾಡಿತು. ದೊಡ್ಡ ತತ್ವವನ್ನೆಲ್ಲ ಕೈಯಲ್ಲಿ ಹಿಡಿಯುವಂಥ ಒಂದು ಸಣ್ಣ ವಸ್ತುವಿಗೆ ಇಳಿಸುವ ವಿದ್ಯೆ ಅದು. ಕಥೆಗಾರರಿಗೆ ಅವರು ಹಿಡಿಸಿದ್ದು ಅದಕ್ಕೇ ಇರಬಹುದು. ತಬರನ ಕಥೆಯಲ್ಲಿ ತೇಜಸ್ವಿ ಇಡೀ ಸರ್ಕಾರವನ್ನು ಒಂದು ಪೆನ್ಷನ್ ಕಾಗದಕ್ಕೆ ಇಳಿಸಲಿಲ್ಲವಾ? ಗಂಡನ ಪೆನ್ಷನ್ ಬರುವಷ್ಟರಲ್ಲಿ ಹೆಂಡತಿ ಇಲ್ಲ.

ಬಿಸಿಲೂರು

ಬರ್ಲಿನ್ ಚಳಿಯವರೇ, ಇದು ಒಪ್ಪಿದೆ. ಗಾಂಧಿಯ ಉಪ್ಪು, ದಲಿತರಿಗೆ ಮುಟ್ಟಲು ಬಿಡದ ಮಹಾಡ್ ಕೆರೆಯಿಂದ ಅಂಬೇಡ್ಕರ್ ಕುಡಿದ ಬೊಗಸೆ ನೀರು. ಅದೂ ಸೇರಲಿ ನಿಮ್ಮ ಪಟ್ಟಿಗೆ.

ಬರ್ಲಿನ್ ಚಳಿ

ಸೇರಿತು. 1927. ನಾನೇ ಮರೆಯಬಾರದಿತ್ತು.

ಕಾಫಿ ಚರಟ

ನಾನು ಪ್ರಶ್ನೆ ಕೇಳಿ ಎರಡು ದಿನ ಆಫೀಸ್ ಕೆಲಸದಲ್ಲಿ ಮುಳುಗಿದ್ದೆ. ಬಂದು ನೋಡಿದರೆ ಇಷ್ಟು ಉದ್ದ ಆಗಿದೆ. ಎಲ್ಲ ಓದಿದೆ. ಮುನ್ನುಡಿಯನ್ನೂ ಮತ್ತೆ ಓದಿದೆ. ಸಾಗರದ ಅಣ್ಣಾ, ನನಗೆ ಒಂದೇ ಒಂದು ಬೇಕು. ನಿಮ್ಮ ಮನೆಯ ಆ ಕೊಳಗದಲ್ಲಿ ಎಷ್ಟು ಹಿಡಿಯುತ್ತದೆ? ಛತ್ರಿ ತೆಗೆದು ಒಮ್ಮೆ ಅಳೆಯುತ್ತೀರಾ?

ಸಾಗರದ ಕಡೆಯವ

ಅಳೆಯಲು ಹೋದೆ. ಅಜ್ಜಿ ಒಳಗಿಂದ ಕೂಗಿದರು. "ಅದನ್ನ ಅಳೆದು ಏನು ಮಾಡ್ತೀಯ? ಅದು ನಮ್ಮ ಕೊಳಗ. ಸರಿಯಾಗೇ ಇದೆ. ದೊಡ್ಡದು ಇದ್ದಿದ್ದು ಅವರ ಮನೇಲಿ."

ಅಜ್ಜಿಗೆ ಈಗ ಎಂಬತ್ತೆಂಟು. 1974ರಲ್ಲಿ ಭೂಸುಧಾರಣೆ ಕಾನೂನಿನಡಿ ಡಿಕ್ಲರೇಷನ್ ಅರ್ಜಿ ಹಾಕಿ ಗೇಣಿ ಗದ್ದೆ ನಮ್ಮ ಹೆಸರಿಗೆ ಆಗಿದ್ದು, ಅಜ್ಜ ಆ ಕಾಗದ ಹಿಡಿದು ಬಸ್ಸಿಗೆ ಕಾಯದೆ ಪೇಟೆಯಿಂದ ನಡೆದೇ ಬಂದಿದ್ದು, ಎಲ್ಲ ಮತ್ತೊಮ್ಮೆ ಹೇಳಿದರು. ಲೋಹಿಯಾ ಗೊತ್ತಾ ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಗೋಪಾಲಗೌಡರು ಗೊತ್ತಾ ಅಂದೆ. "ಗೌಡ್ರು ಗೊತ್ತಿಲ್ದೆ ಏನು" ಅಂತ ನನ್ನನ್ನೇ ಬೈದರು.

ಸುಮ್ನೆ ಓದುಗ

ಹಾಗಾದರೆ ಆ ಮನೆಗೆ ಹೋಗಿ ನೋಡಿ. ದೊಡ್ಡ ಕೊಳಗ ಇನ್ನೂ ಇರಬಹುದು.

ಸಾಗರದ ಕಡೆಯವ

ಆ ಮನೆ ಈಗ ಹೋಮ್‌ಸ್ಟೇ. ಫೋನ್ ಮಾಡಿ ಕೇಳಿದೆ. ಕೊಳಗ ಇದೆಯಂತೆ. ಊಟದ ಕೋಣೆಯಲ್ಲಿಟ್ಟು, ಅದಕ್ಕೆ ಮಣ್ಣು ತುಂಬಿ ಹೂವಿನ ಗಿಡ ನೆಟ್ಟಿದ್ದಾರಂತೆ. "ರೂಮ್ ಬುಕ್ ಮಾಡಿದರೆ ಬಂದು ನೋಡಬಹುದು" ಅಂದರು. ಭಾನುವಾರ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಊಟ ತಲೆಗೆ ಇಷ್ಟು ಅಂತ ರೇಟ್ ಇದೆ.